ನಾಯಿ ಬಿಡೋಕೆ ಜಾಗ ಎಲ್ಲಿದೆ ಸ್ವಾಮಿ?

ಸಾಕಿದ ನಾಯಿಯನ್ನ ಓಡಾಡಿಸದೆ ಸದಾ ಕಟ್ಟಿಹಾಕೋದು ಈ ದೇಶದಲ್ಲಿ ಅಪರಾಧ. ತಮಾಷೆ ಮಾಡ್ತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ತೆಗೆದು ಓದಿ. ಯಾವಾಗಲೂ ಸರಪಳಿಯಲ್ಲಿ ಅಥವಾ ಇಕ್ಕಟ್ಟಿನ ಜಾಗದಲ್ಲಿ ಇರೋ ನಾಯಿಗೆ ತಕ್ಕಮಟ್ಟಿನ ವ್ಯಾಯಾಮ ಕೊಡದ ಮಾಲೀಕ ತಪ್ಪಿತಸ್ಥ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಮೊದಲ ಸಲ ಸಿಕ್ಕಿಬಿದ್ರೆ ಆ ಕಾಯ್ದೆ ಇಟ್ಟಿರೋ ದಂಡ 10 ರೂಪಾಯಿಯಿಂದ 50 ರೂಪಾಯಿ. ಬೆಂಗಳೂರಲ್ಲಿ ಒಂದು ಮಸಾಲೆ ದೋಸೆಯೂ ಬರಲ್ಲ ಅಷ್ಟಕ್ಕೆ. ಆದ್ರೂ ಅಪರಾಧ ಅಪರಾಧವೇ.

ಸರಿ, ಕಾನೂನು ಹೇಳಿದೆ ಅಂತ ನಾಯಿಯ ಬೆಲ್ಟ್ ಬಿಚ್ಚಿ ರಸ್ತೆಗೆ ಬಿಟ್ಟಿರಾ? ಆಗ ಇನ್ನೊಂದು ಕಾನೂನು ಕಾದು ಕೂತಿದೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್. ನಿಮ್ಮ ಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದೆ ಉದಾಸೀನ ಮಾಡಿದ್ರೆ ಆರು ತಿಂಗಳವರೆಗೆ ಜೈಲು, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನನಗೆ ಎರಡು ಕಾನೂನಿನ ಮೇಲೂ ತಕರಾರಿಲ್ಲ, ಎರಡೂ ನ್ಯಾಯವಾದದ್ದೇ. ತಕರಾರು ಇರೋದು ಇವೆರಡರ ಮಧ್ಯೆ ಇರಬೇಕಾದ, ಬೇಲಿ ಹಾಕಿದ ಒಂದು ತುಂಡು ಜಾಗ ಎಲ್ಲೂ ಇಲ್ಲವಲ್ಲ ಅನ್ನೋದ್ರ ಬಗ್ಗೆ. ಓಡಿಸು ಅಂತೀರಿ, ಬಿಡಬೇಡ ಅಂತೀರಿ. ಎಲ್ಲಿ ಓಡಿಸಲಿ, ಲಿಫ್ಟಿನಲ್ಲಾ?

ಲಾಲ್‌ಬಾಗಿಗೆ ನಾಯಿ ಒಯ್ಯೋ ಹಾಗಿಲ್ಲ. ಕಬ್ಬನ್ ಪಾರ್ಕಿನಲ್ಲಿ ಬೇಲಿ ಹಾಕಿದ ಡಾಗ್ ಪಾರ್ಕ್ ಒಂದಿದೆ. ಇಡೀ ಊರಿಗೆ ಜ್ಞಾಪಕಕ್ಕೆ ಬರೋ ಸರ್ಕಾರಿ ಜಾಗ ಅಂದ್ರೆ ಅದೇ. 2022ರಲ್ಲಿ ತೋಟಗಾರಿಕೆ ಇಲಾಖೆ, ಜುಲೈ 1ರಿಂದ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳಿಗೇ ಪ್ರವೇಶ ಇಲ್ಲ ಅನ್ನೋಕೆ ಹೊರಟಿತ್ತು. ನಾಯಿ ಸಾಕಿದವರು ಗಲಾಟೆ ಮಾಡಿದ ಮೇಲೆ ಆ ಯೋಚನೆ ತಡೆಹಿಡಿದರು. ಇಲಾಖೆ ಕೊಟ್ಟ ಕಾರಣ ಸುಳ್ಳಲ್ಲ ಕಣ್ರೀ. ಹೇಸಿಗೆ ಎತ್ತದೆ ಹೋಗೋರು, ಬೆಲ್ಟ್ ಹಾಕದೆ ಬಿಡೋರು ಇದ್ರು. ಆದ್ರೆ ನಾಲ್ಕು ಜನ ಸಿಗ್ನಲ್ ಜಂಪ್ ಮಾಡಿದ್ರು ಅಂತ ಯಾರಾದ್ರೂ ರಸ್ತೆಯನ್ನೇ ಮುಚ್ತಾರಾ? ತಪ್ಪು ಮಾಡಿದವನಿಗೆ ದಂಡ ಹಾಕೋದು ಬಿಟ್ಟು ಎಲ್ಲರನ್ನೂ ಗೇಟಿನಿಂದ ಆಚೆ ಅಟ್ಟೋದು ನಮ್ಮ ಆಡಳಿತದ ಹಳೇ ಚಾಳಿ. ಅದಕ್ಕೆ ನಾಲ್ಕು ವರ್ಷ ಮೊದಲು, 2018ರಲ್ಲಿ, ಬಿಬಿಎಂಪಿ ಫ್ಲಾಟಿಗೆ ಒಂದೇ ನಾಯಿ ಅಂತ ನಿಯಮ ತಂದು, ಬೈಸಿಕೊಂಡು ವಾಪಸ್ ತಗೊಂಡಿತ್ತು. ನಾಯಿ ಎಷ್ಟಿರಬೇಕು ಅಂತ ಲೆಕ್ಕ ಹಾಕಿದವರು, ಆ ಒಂದು ನಾಯಿ ಎಲ್ಲಿ ಓಡಬೇಕು ಅಂತ ಮಾತ್ರ ಯೋಚಿಸಲಿಲ್ಲ.

ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ: ಪಾರ್ಕಿನಿಂದ ಸಾಕುಪ್ರಾಣಿಗಳನ್ನ ಪೂರ್ತಿ ಹೊರಗಿಡೋದು ದೂರದೃಷ್ಟಿ ಇಲ್ಲದ ಕೆಲಸ, ಬೇಕಾದ್ರೆ ಹೊತ್ತು ಗೊತ್ತು ಮಾಡಿ ಅಂತ. ನಾನಿರೋ ಅಪಾರ್ಟ್‌ಮೆಂಟಿನ ಸಂಘದವರಿಗೆ ಇದನ್ನ ತೋರಿಸಿದೆ. "ಅದೆಲ್ಲ ಡೆಲ್ಲಿಯವರು ಹೇಳೋದು" ಅಂದ್ರು. ಹಂಗಾದ್ರೆ ಡೆಲ್ಲಿ ಬೇಡ, ಹೈದರಾಬಾದ್ ನೋಡಿ. ಅಲ್ಲಿನ ಪಾಲಿಕೆ 2018ರಲ್ಲಿ ಕೊಂಡಾಪುರದಲ್ಲಿ, ಹಿಂದೆ ಕಸ ಸುರೀತಿದ್ದ 1.3 ಎಕರೆ ಜಾಗವನ್ನ ಡಾಗ್ ಪಾರ್ಕ್ ಮಾಡ್ತು. ನಮ್ಮಲ್ಲಿ ಕಸ ಸುರಿಯೋ ಸೈಟುಗಳಿಗೆ ಬರವಾ?

"ಮಕ್ಕಳಿಗೇ ಆಡೋಕೆ ಮೈದಾನ ಇಲ್ಲ, ಇವನಿಗೆ ನಾಯಿದು ಚಿಂತೆ" ಅಂತ ನೀವೀಗ ಅಂದುಕೊಳ್ತಿದೀರಿ, ಗೊತ್ತು. ಮಕ್ಕಳ ಸಲುವಾಗಿಯೇ ಹೇಳ್ತಿರೋದು. ಜಾಗ ಇಲ್ಲದ ಊರಲ್ಲಿ ನಾಯಿ ಬಿಡೋನು ಎಲ್ಲಿ ಬಿಡ್ತಾನೆ? ಬೆಳಿಗ್ಗೆ ಐದೂವರೆಗೆ ಮಕ್ಕಳ ಪಾರ್ಕಿನ ಗೇಟ್ ತೆಗೆದು ಅಲ್ಲೇ ಬಿಡ್ತಾನೆ. ಮರಳಿನ ಹೊಂಡದಲ್ಲಿ ಅದು ಹೇಸಿಗೆ ಮಾಡುತ್ತೆ, ಅದೇ ಮರಳಲ್ಲಿ ಸಂಜೆ ಮಗು ಆಡುತ್ತೆ. ದಿನವಿಡೀ ಬಾಲ್ಕನಿಯಲ್ಲಿ ಕಟ್ಟಿದ ನಾಯಿಯ ಒದ್ದಾಟವನ್ನ ಅನುಭವಿಸೋರೂ ಅಕ್ಕಪಕ್ಕದವರೇ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಬೀದಿನಾಯಿಗೆ ಊಟ ಹಾಕೋಕೆ ವಾರ್ಡುಗಳಲ್ಲಿ ಜಾಗ ಗುರುತಿಸಿ ಅಂತು. ಊಟದ ಜಾಗ ಹುಡುಕೋ ಕೈಗೆ ಓಟದ ಜಾಗ ಹುಡುಕೋದೇನು ಭಾರವಾ?

ಆಫೀಸಲ್ಲಿ ಈ ಮಾತು ಬಂದಾಗೆಲ್ಲ ಒಬ್ಬರಲ್ಲ ಒಬ್ಬರು, "ನಿಮ್ಮೂರಿಗೆ ಕಳಿಸಿಬಿಡು ಮಾರಾಯ, ಮಲೆನಾಡು ನಾಯಿಗೆ ಸ್ವರ್ಗ" ಅಂತಾರೆ. ನಮ್ಮೂರು ನೆಮ್ಮಾರು. ಶೃಂಗೇರಿ ದಾಟಿ ಕೆರೆಕಟ್ಟೆ ಕಡೆ ಹೋಗೋ ದಾರೀಲಿದೆ. ಅಲ್ಲಿಂದ ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಂಗಳದಲ್ಲಿ ಮಲಗಿದ ನಾಯಿಯನ್ನ ರಾತ್ರಿ ಚಿರತೆ ಹೊತ್ತೊಯ್ಯೋದು ನಮ್ಮ ಕಡೆ ಸುದ್ದಿಯೇ ಅಲ್ಲ. ತೋಟದ ಬೇಲಿಯಲ್ಲಿ ಹಂದಿಗೆ ಅಂತ ಯಾರೋ ಇಟ್ಟ ಉರುಳು ಇರುತ್ತೆ, ಅದಕ್ಕೆ ಹಂದಿ ಯಾವುದು ನಾಯಿ ಯಾವುದು ಗೊತ್ತಾಗಲ್ಲ. ಇನ್ನು ಕಾಡು. ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ, ಅಟ್ಟೋದೂ ಬೇಟೆಯೇ. ಇದು ಗೊತ್ತಿಲ್ಲದ ವೀಕೆಂಡಿನವರು ಕಾರಿನ ಬಾಗಿಲು ತೆಗೆದು ತುಂಗೆಯ ದಡದಲ್ಲಿ ನಾಯಿ ಬಿಡ್ತಾರೆ. ಅದು ಮೇಯೋಕೆ ಬಿಟ್ಟ ದನದ ಹಿಂದೆ ಓಡುತ್ತೆ. "ಪಾಪ, ಆಟ ಆಡ್ತಿದೆ" ಅಂತಾರೆ. ಗಬ್ಬದ ದನ ಅಗಳಕ್ಕೆ ಬಿದ್ರೆ ಅದರ ಒಡೆಯನಿಗೆ ಅದು ಆಟ ಅಲ್ಲ.

ನಮ್ಮಲ್ಲಿ ನಾಯಿಗೆ ಓಡೋಕೆ ಒಳ್ಳೇ ಜಾಗ ಅಂದ್ರೆ ಕೊಯ್ಲಾದ ಗದ್ದೆ. ಅದೂ ನಮ್ಮದೇ ಗದ್ದೆ ಅಥವಾ ಕೇಳಿ ಇಳಿದ ಗದ್ದೆ, ಬಿಸಿಲಿರೋ ಹೊತ್ತು, ದನ ಬಿಡೋಕೆ ಮುಂಚೆ. ಮಳೆ ಹಿಡಿದು ಸಸಿ ಮಡಿ ಶುರುವಾದ ಮೇಲೆ ಅದೂ ಇಲ್ಲ.

ಬೆಂಗಳೂರಲ್ಲಿ ನಾನು ಕೇಳ್ತಿರೋದು ಅರಮನೆ ಅಲ್ಲ. ದೊಡ್ಡ ಪಾರ್ಕಿನ ಒಂದು ಮೂಲೆ. ಆಳೆತ್ತರದ ಜಾಲರಿ, ಒಂದು ಬಾಗಿಲು ಹಾಕಿದ ಮೇಲೇ ಇನ್ನೊಂದು ತೆಗೆಯೋ ಹಾಗೆ ಎರಡು ಗೇಟು, ನಲ್ಲಿ, ಕಸದ ಡಬ್ಬಿ. ರೇಬೀಸ್ ಲಸಿಕೆಯ ಚೀಟಿ ತೋರಿಸಿದವರಿಗೆ ಮಾತ್ರ ಒಳಗೆ. ಬೆದೆಗೆ ಬಂದ ನಾಯಿ, ಕಚ್ಚೋ ನಾಯಿ ಹೊರಗೇ. ಹೇಸಿಗೆ ಎತ್ತದವನಿಗೆ 500 ರೂಪಾಯಿ ದಂಡ, ಸ್ಥಳದಲ್ಲೇ. ಪುಕ್ಕಟೆ ಬೇಡ, ತಿಂಗಳಿಗೆ ಇಷ್ಟು ಅಂತ ಶುಲ್ಕ ತಗೊಳ್ಳಿ, ಕೊಡ್ತೀವಿ. ನಾಯಿಗೆ ಆನ್‌ಲೈನಲ್ಲಿ ಬಿಸ್ಕೆಟ್ ತರಿಸೋರಿಗೆ ಅದು ಹೊರೆಯಾಗಲ್ಲ. ಮೊದಲು ವಲಯಕ್ಕೊಂದು ಮಾಡಿ, ಆರು ತಿಂಗಳು ನಡೆಸಿ, ದೂರುಗಳನ್ನ ಎಣಿಸಿ. ಆಮೇಲೆ ಬೇಕಾದ್ರೆ ಮುಚ್ಚಿ.