ಸೂಲಂಗಿಯ ಹೊತ್ತಿಗೆ ಬಾರದ ಮಳೆ

ಜಗಳೂರು ತಾಲ್ಲೂಕಿನ ಬಿಳಿಚೋಡು ಸೀಮೆಯಲ್ಲಿ ಬರವನ್ನು ವರ್ಷದ ಮಳೆ ಲೆಕ್ಕದಿಂದ ಅಳೆಯಲಾಗದು. ಮೆಕ್ಕೆಜೋಳ ಸೂಲಂಗಿ ಬಿಡುವ ಹೊತ್ತಿಗೆ ನೆಲದ ತೇವ ಆರಿದರೆ ಪರಾಗಸ್ಪರ್ಶ ಕೆಟ್ಟು ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಆಮೇಲೆ ಎಷ್ಟು ಸುರಿದರೂ ಹೋದ ಬೆಳೆ ಮರಳದು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಪರಿಹಾರದ ಹಣಕ್ಕಾಗಿ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. ಕೇಂದ್ರದ ಆಗಿನ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಸಿಗುತ್ತಿದ್ದುದು ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿನ ಮಿತಿಯೊಳಗೆ. ಬೀಜ, ಗೊಬ್ಬರ, ಬೇಸಾಯದ ಖರ್ಚಿಗೇ ಅದು ಸಾಲದು. ಪಹಣಿಯಲ್ಲಿ ಹೆಸರಿಲ್ಲದೆ ಕೋರಿಗೆ ಉಳುವವರಿಗೆ, ಕಳೆ ತೆಗೆದು ತೆನೆ ಮುರಿಯುವ ಕೂಲಿ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಮೇವು ಮುಗಿದಾಗ ದನಕರು ಸಂತೆ ಸೇರುತ್ತವೆ, ಕೆಲಸ ಸಿಗದ ಮನೆಮಂದಿ ಗುಳೆ ಹೋಗುತ್ತಾರೆ. ತುಂಗಭದ್ರೆಯ ನೀರಿನಿಂದ ಈ ಭಾಗದ 57 ಕೆರೆ ತುಂಬಿಸುವ ಯೋಜನೆ ದೊಡ್ಡ ಆಸರೆ. ಕೆರೆ ತುಂಬಿದರೆ ಸುತ್ತಲಿನ ಕೊಳವೆಬಾವಿಗಳಿಗೆ ಜೀವ ಬರುತ್ತದೆ. ಆದರೆ ಆ ನೀರು ಪ್ರತಿ ಹೊಲವನ್ನೂ ಮುಟ್ಟದು. ಖುಷ್ಕಿ ಹೊಲಕ್ಕೆ ತಡೆದುಕೊಳ್ಳುವ ಬೆಳೆ ಬೇಕು: ರಾಗಿ, ನವಣೆ, ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ. ಒಂದು ಕೈಕೊಟ್ಟರೂ ಇನ್ನೊಂದು ಮನೆಗೆ ಬರುತ್ತದೆ, ದನಕ್ಕೆ ಹುಲ್ಲೂ ಉಳಿಯುತ್ತದೆ. ಇವುಗಳಿಗೆ ನ್ಯಾಯದ ಬೆಲೆ, ಹತ್ತಿರದಲ್ಲೇ ಖರೀದಿ ಕೇಂದ್ರ ಕೊಡದೆ ಬೆಳೆ ಬದಲಿಸಿ ಎಂದು ರೈತರಿಗೆ ಉಪದೇಶಿಸುವುದು ಸಲ್ಲದು. ಬರ ಘೋಷಣೆಯಾದ ವಾರವೇ ಮೇವಿನ ಬ್ಯಾಂಕ್ ತೆರೆಯಲಿ, ಕೂಲಿಯವರಿಗೆ ಊರಲ್ಲೇ ಕೆಲಸ ಸಿಗಲಿ. ಕೋರಿನ ರೈತರ ಹೆಸರೂ ಪರಿಹಾರದ ಪಟ್ಟಿ ಸೇರಲಿ.