ಕುಡಿದು ವಾಹನ ಓಡಿಸುವುದು: ದಂಡವೋ, ಬೀಗವೋ?

ಕಳೆದ ತಿಂಗಳು ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಬಹಳ ಹೊತ್ತು ಅದೂ ಇದೂ ಮಾತನಾಡಿ, ಕೊನೆಗೆ, "ಸಾರ್, ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಆರು ತಿಂಗಳು ನನ್ನ ಕಾರಿಗೆ ಬೀಗ ಹಾಕಿದ್ದರು" ಎಂದ. ಸಾಲ ತೀರಿಸದ್ದಕ್ಕೆ ಬ್ಯಾಂಕಿನವರು ಹಾಕಿದ ಬೀಗವೆಂದು ನಾನು ಭಾವಿಸಿದೆ. ಅದಲ್ಲ. ಸ್ನೇಹಿತರ ಮನೆಯ ಔತಣ ಮುಗಿಸಿ ಬರುವಾಗ ಪೊಲೀಸರ ಕೈಗೆ ಸಿಕ್ಕಿಬಿದ್ದ ಈ ಮಹಾಶಯ, ಕಾರಿನಲ್ಲಿ 'ಇಗ್ನಿಷನ್ ಇಂಟರ್‌ಲಾಕ್' ಎಂಬ ಸಾಧನವನ್ನು ಕೂರಿಸಿಕೊಂಡು ಓಡಾಡಬೇಕಾಯಿತಂತೆ. ಅವನ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಬರೆಯುತ್ತಿದ್ದೇನೆ.

ಈ ಸಾಧನ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಕಾರು ಚಾಲೂ ಮಾಡುವ ಮೊದಲು ಅದರ ನಳಿಕೆಗೆ ಬಾಯಿಟ್ಟು ಊದಬೇಕು. ಉಸಿರಿನಲ್ಲಿ ಮದ್ಯಸಾರದ ಅಂಶ ಗೊತ್ತುಪಡಿಸಿದ ಮಿತಿಯನ್ನು ದಾಟಿದ್ದರೆ ಎಂಜಿನ್ ಅಲುಗಾಡುವುದಿಲ್ಲ. ಒಳಗಿರುವುದು ಒಂದು ಪುಟ್ಟ ಇಂಧನಕೋಶ. ಎಥನಾಲ್ ಆಕ್ಸಿಡೀಕರಣಗೊಂಡು ಎಥನೋಯಿಕ್ ಆಮ್ಲವಾಗುವ ಸಮೀಕರಣವನ್ನು ಹತ್ತನೆಯ ತರಗತಿಯಲ್ಲಿ ನಿಮ್ಮಿಂದ ಎಷ್ಟು ಸಲ ಬರೆಯಿಸಿದ್ದೇನೋ ಲೆಕ್ಕವಿಲ್ಲ. ಅದೇ ಕ್ರಿಯೆ ಇಲ್ಲಿ ಪ್ಲಾಟಿನಂ ವಿದ್ಯುದ್ವಾರದ ಮೇಲೆ ನಡೆಯುತ್ತದೆ. ಹುಟ್ಟುವ ವಿದ್ಯುತ್ ಪ್ರವಾಹ ಎಷ್ಟೋ, ಕುಡಿದದ್ದರ ಅಳತೆ ಅಷ್ಟು. (ಪೊಟ್ಯಾಸಿಯಂ ಡೈಕ್ರೋಮೇಟಿನ ಕಿತ್ತಳೆ ಬಣ್ಣ ಹಸಿರಿಗೆ ತಿರುಗುವುದನ್ನು ನೋಡಿ ಪತ್ತೆ ಮಾಡುತ್ತಿದ್ದದ್ದು ಹಳೆಯ ವಿಧಾನ. "ಇದರಿಂದ ಏನು ಪ್ರಯೋಜನ ಸಾರ್?" ಎಂದು ಕೇಳುತ್ತಿದ್ದ ಹಿಂದಿನ ಬೆಂಚಿನವರು ಗಮನಿಸಬೇಕು.)

ಒಮ್ಮೆ ಊದಿದರೆ ಮುಗಿಯಲಿಲ್ಲ. ದಾರಿಯ ಮಧ್ಯದಲ್ಲಿಯೂ ಅದು ಆಗಾಗ ಸದ್ದು ಮಾಡಿ ಮತ್ತೆ ಊದಲು ಹೇಳುತ್ತದೆ. ಆಗ ತಪ್ಪಿದರೆ ಓಡುವ ಎಂಜಿನ್ನನ್ನು ನಿಲ್ಲಿಸುವುದಿಲ್ಲ, ಅದು ಅಪಾಯ; ಆದರೆ ತಪ್ಪಿದ್ದು ದಾಖಲಾಗುತ್ತದೆ. ಸಾಧನದ ಖರ್ಚು ತಪ್ಪು ಮಾಡಿದವನದೇ. "ದಂಡ ಕಟ್ಟಿದ್ದು ಮರೆತುಹೋಗಿದೆ ಸಾರ್. ಆದರೆ ಮಗಳನ್ನು ಶಾಲೆಗೆ ಬಿಡುವಾಗ ದಿನವೂ ಅವಳೆದುರಿಗೆ ಊದಬೇಕಾಗಿತ್ತಲ್ಲ, ಅದು ಮರೆಯುವುದಿಲ್ಲ" ಎಂದ.

ಅಮೆರಿಕದಲ್ಲಿ ಇದು ಹೊಸದಲ್ಲ. ಕ್ಯಾಲಿಫೋರ್ನಿಯಾ 1986ರಲ್ಲಿಯೇ ಈ ಬಗ್ಗೆ ಕಾನೂನು ಮಾಡಿತು. 2005ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯ ಮೊದಲ ಸಲ ಸಿಕ್ಕಿಬಿದ್ದವರಿಗೂ ಇದನ್ನು ಕಡ್ಡಾಯಗೊಳಿಸಿತು. ಇಂದು ಅಲ್ಲಿನ 50 ರಾಜ್ಯಗಳಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಈ ಕಾನೂನಿದೆ.

ನಮ್ಮಲ್ಲಿ? ಅಂಕಿಯನ್ನು ಮಾತ್ರ ನೋಡಿದರೆ ನಾವೇ ಹೆಚ್ಚು ಬಿಗಿ. ಮೋಟಾರು ವಾಹನಗಳ ಅಧಿನಿಯಮ, 1988ರ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರಕೂಡದು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಈ ಮಿತಿ 80. ಮೊದಲ ತಪ್ಪಿಗೆ 2,000 ರೂಪಾಯಿಯವರೆಗೆ ಇದ್ದ ನಮ್ಮ ದಂಡ 2019ರ ಸೆಪ್ಟೆಂಬರ್ 1ರಿಂದ 10,000 ಆಯಿತು; ಆರು ತಿಂಗಳವರೆಗಿನ ಸೆರೆವಾಸದ ಅವಕಾಶ ಮೊದಲಿನಿಂದಲೂ ಇದೆ. ಎರಡನೆಯ ಸಲ ಸಿಕ್ಕಿದರೆ 15,000 ದಂಡ, ಎರಡು ವರ್ಷದವರೆಗೆ ಸೆರೆ. ಆದರೆ ಹತ್ತು ಸಾವಿರವೆಂಬುದು ಎಲ್ಲರಿಗೂ ಒಂದೇ ಹತ್ತು ಸಾವಿರವೇ? ಆಟೋ ಓಡಿಸುವವನಿಗೆ ಅದು ಮಕ್ಕಳ ಶಾಲಾ ಶುಲ್ಕ. ಬೆಂಗಳೂರಿನ ದೊಡ್ಡ ಸಂಬಳದ ನನ್ನ ಕೆಲವು ಶಿಷ್ಯರಿಗೆ ಅದೊಂದು ಶನಿವಾರ ರಾತ್ರಿಯ ಊಟದ ಬಿಲ್ಲು. ದಿನವೂ ಊದುವ ಕಷ್ಟವಾದರೋ ಇಬ್ಬರಿಗೂ ಸಮಾನ. ದಂಡಕ್ಕಿಂತ ಬೀಗ ಮೇಲು ಎಂದು ನನಗೆ ತೋರುವುದು ಇದಕ್ಕಾಗಿ. ಅಲ್ಲದೆ ದಂಡವು ನಿನ್ನೆಯ ತಪ್ಪಿಗೆ. ಬೀಗವು ಈ ರಾತ್ರಿಯ ತಪ್ಪನ್ನೇ ತಡೆಯುತ್ತದೆ.

ಇಷ್ಟು ಬರೆದ ಮೇಲೆ, ಆರು ವರ್ಷದಿಂದ ಬರೆಯದೆ ಉಳಿಸಿಕೊಂಡದ್ದನ್ನೂ ಬರೆಯಬೇಕು. ಬಂಧುಗಳಲ್ಲಿ ಕೆಲವರಿಗೆ ಬೇಸರವಾದೀತು, ಕ್ಷಮಿಸಿ.

2019ರ ನವೆಂಬರಿನಲ್ಲಿ ತುಮಕೂರಿನಲ್ಲಿ ನಮ್ಮ ಕುಟುಂಬದ ಒಂದು ಆರತಕ್ಷತೆ. ಕಲ್ಯಾಣ ಮಂಟಪದ ಹಿಂದೆ ಹುಡುಗರ ಗುಂಪಿನಲ್ಲಿ ಏನು ನಡೆಯುತ್ತಿತ್ತೆಂದು ನನಗೆ ಗೊತ್ತಿತ್ತು. ಹಿರಿಯರು ಅಂಥ ಕಡೆ ಕಣ್ಣು ಹಾಯಿಸುವುದಿಲ್ಲ. ಅದೂ ನಮ್ಮ ಸಂಪ್ರದಾಯವೇ ಆಗಿಬಿಟ್ಟಿದೆ. ರಾತ್ರಿ ಹತ್ತರ ಸುಮಾರಿಗೆ ಅಕ್ಕನ ಮಗ ಬಂದು, "ಮಾವ, ಕೀ ಕೊಡಿ, ಹೊರಡೋಣ" ಎಂದ. ಕಾರಿನ ಕೀಲಿಕೈ ನನ್ನ ಜೇಬಿನಲ್ಲಿತ್ತು. ಅವನ ಬಾಯಿಯ ವಾಸನೆ ಮೂಗಿಗೆ ಬಡಿಯಿತು. ನಾಲ್ಕು ಜನ ಬೀಗರ ಎದುರು ಮೂವತ್ತೆರಡು ವರ್ಷದ ಗಂಡಸಿಗೆ "ನೀನು ಕುಡಿದಿದ್ದೀಯೆ" ಎನ್ನಲು ಸಂಕೋಚವಾಯಿತು. "ನಿಧಾನವಾಗಿ ಓಡಿಸಪ್ಪ" ಎಂದು ಹೇಳಿ ಕೊಟ್ಟೆ.

ಗುಬ್ಬಿ ದಾಟಿದ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ವೃದ್ಧರೊಬ್ಬರಿಗೆ ಕಾರು ಸವರಿತು. ಅವರು ಚರಂಡಿಗೆ ಬಿದ್ದರು. ಪುಣ್ಯಕ್ಕೆ ಜೀವ ಉಳಿಯಿತು, ಕೊರಳೆಲುಬು ಮುರಿಯಿತು. ದೂರು ದಾಖಲಾಗಲಿಲ್ಲ, ಯಾರೂ ಊದಿಸಲಿಲ್ಲ. ನಲವತ್ತು ಸಾವಿರ ರೂಪಾಯಿಗೆ ಮಾತುಕತೆ ಮುಗಿಯಿತು. ಆ ಮಾತುಕತೆಯಲ್ಲಿ 'ಮೇಷ್ಟ್ರು' ಎಂಬ ಗೌರವಕ್ಕೆ ಒಳ್ಳೆಯ ಬೆಲೆಯೇ ಸಿಕ್ಕಿತು, ನಾನು ಆಡಿದ ಮಾತನ್ನು ಆ ಮನೆಯವರು ನಂಬಿದರು. ಹೋದ ವರ್ಷ ಅವರನ್ನು ನೋಡಲು ಹೋಗಿದ್ದೆ. ಬಲಗೈಯನ್ನು ಭುಜದಿಂದ ಮೇಲಕ್ಕೆ ಎತ್ತಲು ಇಂದಿಗೂ ಆಗುವುದಿಲ್ಲ.

ಆಮೇಲೆ ನಾನು ಅದೇ ಅಧಿನಿಯಮವನ್ನು ತೆರೆದು ಓದಿದೆ. 188ನೆಯ ಕಲಮು, ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನಷ್ಟೇ ಶಿಕ್ಷೆ ಎನ್ನುತ್ತದೆ. ತಿಳಿದೂ ಕೀಲಿಕೈ ಕೊಟ್ಟದ್ದು ಕುಮ್ಮಕ್ಕೋ ಅಲ್ಲವೋ ಎಂಬುದನ್ನು ವಕೀಲರು ವಾದಿಸಲಿ. ನನ್ನ ಮಟ್ಟಿಗೆ ಆ ವಾದ ಮುಗಿದಿದೆ. ಆ ರಾತ್ರಿ ಕಾರಿನಲ್ಲೊಂದು ಯಂತ್ರವಿದ್ದಿದ್ದರೆ ಅದಕ್ಕೆ ಬೀಗರ ಸಂಕೋಚ ಇರುತ್ತಿರಲಿಲ್ಲ.

ಹಾಗೆಂದು ನಮ್ಮ ದೇಶದ ಎಲ್ಲ ವಾಹನಗಳಿಗೂ ಇದನ್ನು ಹಾಕಿ ಎನ್ನುವುದಿಲ್ಲ. ನಮ್ಮ ರಸ್ತೆಗಳ ತುಂಬ ದ್ವಿಚಕ್ರ ವಾಹನಗಳು. ಅವುಗಳಿಗೆ ಈ ಬೀಗ ಒಗ್ಗುವುದು ಕಷ್ಟ. ಒಂದು ಕಾರಿಗೆ ಬೀಗ ಹಾಕಿದರೆ ಭಾವನ ಕಾರು ತೆಗೆದುಕೊಂಡು ಹೋಗುವ ಜಾಣರೂ ಇದ್ದಾರೆ. ಬೇರೆಯವರಿಂದ ಊದಿಸುವವರಿಗೆ ಅಮೆರಿಕದಲ್ಲಿಯೂ ಬರವಿಲ್ಲ, ಅದಕ್ಕೇ ಕೆಲವು ಕಡೆ ಕ್ಯಾಮೆರಾ ಸೇರಿಸಿದ್ದಾರೆ. ನಮ್ಮ ಆರಂಭ ಎರಡು ಕಡೆ ಆಗಬಹುದು. ಒಂದು, ಎರಡನೆಯ ಸಲ ಸಿಕ್ಕಿಬಿದ್ದ ಕಾರು ಮಾಲೀಕರು. ಇನ್ನೊಂದು, ಮುಖ್ಯವಾಗಿ, ಶಾಲಾ ವಾಹನಗಳು. ಫಿನ್ಲೆಂಡಿನಲ್ಲಿ 2011ರಿಂದ ಮಕ್ಕಳನ್ನು ಶಾಲೆಗೆ ಒಯ್ಯುವ ಬಾಡಿಗೆ ವಾಹನಗಳಿಗೆ ಈ ಬೀಗ ಕಡ್ಡಾಯ. ಫ್ರಾನ್ಸಿನಲ್ಲಿ 2015ರಿಂದ ಪ್ರಯಾಣಿಕರ ಬಸ್ಸುಗಳಿಗೂ ಬೇಕು. ನಮ್ಮ ಹಳದಿ ಬಸ್ಸುಗಳಿಗೆ ವೇಗ ನಿಯಂತ್ರಕ ಕೂರಿಸಿ ಎಂದಾಗಲೂ ಆಗದು ಎಂದವರಿದ್ದರು, ಕೂರಿಸಿದ್ದೇವೆ.

ಕಾನೂನು ಬರುವವರೆಗೆ, ಬೆಳಿಗ್ಗೆ ಬಸ್ಸು ಹೊರಡುವ ಮುನ್ನ ಚಾಲಕ ಒಮ್ಮೆ ಊದಿ ಪುಸ್ತಕದಲ್ಲಿ ಸಹಿ ಮಾಡುವ ವ್ಯವಸ್ಥೆಯನ್ನಾದರೂ ಮಾಡಬಹುದು. ಕೈಯಲ್ಲಿ ಹಿಡಿಯುವ ಊದುಮಾಪಕ ಶಾಲೆಗೆ ದೊಡ್ಡ ಖರ್ಚೇನಲ್ಲ. ನಮ್ಮ ಊರಿನ ಎರಡು ಶಾಲೆಗಳ ಆಡಳಿತ ಮಂಡಳಿಗೆ ಮನವಿ ಸಿದ್ಧಪಡಿಸಿದ್ದೇನೆ. ಆ ಶಾಲೆಗಳಲ್ಲಿ ನಿಮ್ಮ ಮಕ್ಕಳು ಓದುತ್ತಿದ್ದರೆ ನನಗೊಂದು ಸಾಲು ಬರೆಯಿರಿ, ಸಹಿ ಬೇಕು. ಮೊದಲ ಸಹಿ ಅಕ್ಕನ ಮಗನದು. ಈ ಬರಹವನ್ನು ನಿಮಗಿಂತ ಮೊದಲು ಅವನಿಗೇ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಾಕಿ ಮಾವ" ಎಂದ.