ಅಟ್ಟದ ಮೇಲಿನ ಕನ್ನಡಕ್ಕೆ ದಿಕ್ಕು ಯಾರು?

ಕನ್ನಡದ ತರುಣರೇ,

ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿದು ಬಂದಿರಿ, ಸಂತೋಷ. ಊರಲ್ಲಿ ನಿಮ್ಮ ಮನೆಯ ಅಟ್ಟದ ಮೇಲೆ ಏನಿದೆ, ಎಂದಾದರೂ ನೋಡಿದ್ದೀರಾ?

ಸಿಂಧನೂರಿನ ಸಾಲಗುಂದದಿಂದ ಬೆಂಗಳೂರು ಸೇರಿದ ಹುಡುಗನಿಗೂ ಇದೇ ಪ್ರಶ್ನೆ. ಅವನ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಣ್ಣಿಗೆ ಅಶೋಕನ ಹೆಸರಿದ್ದ ಶಾಸನ ಬಿತ್ತು. ಅದು ಬಂಡೆ, ಎರಡು ಸಾವಿರ ವರ್ಷ ಕಾಯ್ದಿತು. ತಾಳೆಗರಿ ಕಾಯುತ್ತದೆಯೇ? ಮಹಾನವಮಿಗೆ ಅರಿಶಿನ ಕುಂಕುಮ ಏರಿಸಿ ಮತ್ತೆ ಅಟ್ಟಕ್ಕೆ ಎಸೆದರೆ ಗೆದ್ದಲಿಗೆ ನೈವೇದ್ಯ!

1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಓಲೆಕಟ್ಟೊಂದನ್ನು ಕೊಟ್ಟರು. ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚಾಗಿ ಜಗತ್ತಿನ ಮುಂದೆ ಬಂತು. ಒಂದು ಕಟ್ಟಿನ ಬೆಲೆ ಇದು.

ನಮ್ಮ ಪಾಡು? ಮೆಕೆಂಜಿ ಊರೂರಿನ ವೃತ್ತಾಂತ ಬರೆಸಿದ ಕನ್ನಡ ಕೈಫಿಯತ್ತುಗಳು ಚೆನ್ನೈ ಪಾಲಾದವು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಅಚ್ಚು ಹಾಕಿದ ಮೇಲೆ ನಮ್ಮ ಕೈಗೆ ಸಿಕ್ಕವು. ರಾಯಚೂರು 1948ರವರೆಗೆ ನಿಜಾಮನ ಕೈಯಲ್ಲಿತ್ತು. ಆ ಆಡಳಿತದ ಕಡತ ನೋಡಲು ಇಂದಿಗೂ ಹೈದರಾಬಾದಿಗೆ ಓಡಬೇಕು.

ಈಗ ರಾಯಚೂರಿಗೂ ವಿಶ್ವವಿದ್ಯಾಲಯ ಬಂದಿದೆ. ಆ ಕಡತಗಳ ಪ್ರತಿ ಅದರ ಗ್ರಂಥಾಲಯಕ್ಕೆ ಬರಲಿ, ಉರ್ದು-ಪಾರಸಿ ಬಲ್ಲ ಕನ್ನಡಿಗರಿಗೆ ಅಲ್ಲಿ ಕೆಲಸ ಸಿಗಲಿ. ಹೌದು, ಉರ್ದು! ನಮ್ಮ ಹೊಲದ ಕಾಗದ ಆ ಭಾಷೆಯಲ್ಲಿದ್ದರೆ ಕಲಿತೇ ಓದಬೇಕು.

ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಹತ್ತಿ. ಕಟ್ಟು ಸಿಕ್ಕರೆ ಹೊಳೆಗೆ ಬಿಡಬೇಡಿ, ಗುಜರಿಗೆ ಮಾರಬೇಡಿ. ಗರಿಗಳ ಕ್ರಮ ಕೆಡಿಸದೆ ಬಟ್ಟೆಯಲ್ಲಿ ಸುತ್ತಿ ಕನ್ನಡ ವಿಶ್ವವಿದ್ಯಾಲಯಕ್ಕೆ ಒಯ್ಯಿರಿ. ದೂರವೇನಲ್ಲ, ಸಿಂಧನೂರಿನಿಂದ ಗಂಗಾವತಿ ದಾಟಿದರೆ ಹಂಪಿ.